ಎರಡು ಡೈಮನ್, ಅವರದು

ಆದಿತ್ಯವಾರ ಬೆಳಿಗ್ಗೆ ಅಕ್ಕನಾಗಮ್ಮ ಸಿರುಗುಪ್ಪದ ತನ್ನ ಮನೆಗೆ ಬೀಗ ಹಾಕಿ ಬೀದಿಗೆ ಇಳಿದಳು. ಎದುರುಮನೆಯ ಹುಲುಗಮ್ಮ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು.

"ಎಲ್ಲಿಗೆ ಹೊಂಟಿ, ಯವ್ವಾ?"

"ಬಳ್ಳಾರಿಗೆ."

"ದವಾಖಾನಿಗೇನು?"

"ಅಲ್ಲ. ಎಲಿ ಆಡಾಕ."

ಹುಲುಗಮ್ಮನ ಕೈ ಮೊರದಲ್ಲೇ ನಿಂತಿತು. "ಗಂಡ ಹೋಗಿ ವರ್ಷ ತುಂಬಿಲ್ಲ. ಇಸ್ಪೇಟ್ ಆಡಾಕ ಹೊಂಟೀನಿ ಅಂತ ಬೀದ್ಯಾಗ ನಿಂತು ಹೇಳ್ತೀಯಲ್ಲ ತಾಯಿ. ಒಂದು ಸುಳ್ಳರ ಹೇಳಬಾರದೇನು?"

"ಹೇಳಿದ್ರ ನೀ ನಂಬ್ತಿದ್ದೇನು?"

"ನಂಬ್ತಿದ್ದಿಲ್ಲ. ಆದ್ರ ಕೇಳಾಕ ಚಂದ ಇರ್ತಿತ್ತು. ಹೋಗು ಹೋಗು. ಪೊಲೀಸ್ರು ಬಂದ್ರ ಹಿತ್ತಲ ಬಾಗಲ ಎಲ್ಲೈತಿ ಅಂತ ಮೊದಲ ನೋಡ್ಕಂಡು ಕುಂದ್ರು."

ಅಕ್ಕನಾಗಮ್ಮ ನಡೆದಳು. ಅವಳು ಆಡುವ ಆಟಕ್ಕೆ ಪೊಲೀಸರು ಬರುವುದಿಲ್ಲ. ಅದರಲ್ಲಿ ದುಡ್ಡು ಕಟ್ಟುವುದಿಲ್ಲ. ಆದರೆ ಅದನ್ನು ಹುಲುಗಮ್ಮನಿಗೆ ತಿಳಿಸಿ ಹೇಳುವಷ್ಟು ಹೊತ್ತು ಇರಲಿಲ್ಲ, ಮನಸ್ಸೂ ಇರಲಿಲ್ಲ. ಗಂಡ ಇಲ್ಲದೆ ಅವಳು ಆ ಆಟಕ್ಕೆ ಹೋಗುತ್ತಿದ್ದದ್ದು ಅದೇ ಮೊದಲು.

ಅವಳು ಕೊಳಗಲ್ಲಿನ ಮಗಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಉಜ್ಜಿನಪ್ಪನನ್ನು ಮದುವೆಯಾಗಿ ಸಿರುಗುಪ್ಪಕ್ಕೆ ಬಂದಳು. ಉಜ್ಜಿನಪ್ಪ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡುತ್ತಿದ್ದ. ಮದುವೆಯಾಗಿ ಮನೆ ಹೊಗುವ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ದಾರಿ ಬಿಡುತ್ತೇವೆ ಅಂದರು. ಆಗ ಅವಳು ಒಡಪು ಹಾಕಿದ್ದಳು:

"ಹಗರಿ ದಂಡ್ಯಾಗ ತೂಗ್ತೈತಿ ಬತ್ತದ ತೆನಿ,
ಉಜ್ಜಿನಪ್ಪನ ಹೆಸರು ಹೇಳಿ ಹೊಗತೀನಿ ಮನಿ."

ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಅದೊಂದೇ ಸಲ. ಆಮೇಲೆ ಅವನು 'ಅವರು'. ರೇಷನ್ ಅಂಗಡಿಯವನು ಯಜಮಾನರ ಹೆಸರೇನು ಅಂದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಿದ್ದಳು. ಹೆಸರನ್ನು ಆ ಪಕ್ಕದವರು ಹೇಳುತ್ತಿದ್ದರು.

ಗಿರಣಿಯ ಸಾವ್ಕಾರನಿಗೆ ಬ್ರಿಡ್ಜ್ ಆಟದ ಹುಚ್ಚು. ಕಾಲುವೆ ಇಲಾಖೆಯ ಇಬ್ಬರು ಇಂಜಿನಿಯರುಗಳು ಬರುತ್ತಿದ್ದರು. ಆ ಆಟಕ್ಕೆ ನಾಲ್ವರೇ ಬೇಕು, ಎದುರುಬದುರು ಕೂತವರು ಜೋಡಿ. ಒಂದು ಸಂಜೆ ನಾಲ್ಕನೇ ಕೈ ಸಿಗದೆ, ಬಾಯ್ಲರ್ ಹತ್ತಿರ ನಿಂತಿದ್ದ ಉಜ್ಜಿನಪ್ಪನನ್ನು ಕರೆದು ಕೂರಿಸಿದರು. ಕೂತವನು ಏಳಲಿಲ್ಲ. ಇಂಜಿನಿಯರುಗಳಿಗೆ ವರ್ಗವಾಯಿತು, ಸಾವ್ಕಾರ ಸತ್ತ, ಉಜ್ಜಿನಪ್ಪನ ಹುಚ್ಚು ಮಾತ್ರ ಉಳಿಯಿತು. ಜೋಡಿ ಇರಲಿಲ್ಲ. ಅದಕ್ಕೆ ಒಲೆಯ ಮುಂದೆ ಕೂತಿದ್ದ ಹೆಂಡತಿಯ ಕೈಗೆ ಹದಿಮೂರು ಎಲೆ ಕೊಟ್ಟ.

"ನಿನ್ನ ಕೈಯಾಗ ಏನೈತಿ ಅಂತ ನನಗ ತಿಳಿಸಬೇಕು. ಆದ್ರ ಬಾಯಿ ಬಿಟ್ಟು ಹೇಳಬಾರದು."

"ಮತ್ತ ಹೆಂಗ?"

"ಕೂಗಬೇಕು. ಹರಾಜಿನಾಗ ಕೂಗ್ತಾರಲ್ಲ, ಹಂಗ. ಒಂದು ಆಟೀನು. ಎರಡು ಇಸ್ಪೇಟು. ಅಷ್ಟರಾಗ ನಾ ತಿಳ್ಕಬೇಕು."

"ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿದ್ದೇ ನಿಮಗ ತಿಳೀಲಿಲ್ಲ."

ಅವನು ನಕ್ಕ. ಅವಳು ಕಲಿತಳು. ನಿಧಾನವಾಗಿ ಕಲಿತಳು. ತಪ್ಪುತ್ತಿದ್ದಳು, ಅವನು ಮಾತು ಬಿಡುತ್ತಿದ್ದ, ಮತ್ತೆ ಕೂರುತ್ತಿದ್ದರು.

ಎಲ್ಲ ಕೂಗಿಗೂ ನೇರ ಅರ್ಥ ಇರುವುದಿಲ್ಲ. ಎರಡು ಕಳಾವರ್ ಎಂದು ಕೂಗಿ, ನಿನ್ನಲ್ಲಿ ಆಟೀನು ಅಥವಾ ಇಸ್ಪೇಟು ನಾಲ್ಕು ಎಲೆ ಇವೆಯೇ ಎಂದು ಕೇಳುವುದುಂಟು. ಅದಕ್ಕೆ ಸ್ಟೇಮನ್ ಎಂದು ಹೆಸರು. ನಾಲ್ಕು ನೋಟ್ರಂಪ್, ಅಂದರೆ ತುರುಪಿಲ್ಲದ ಆಟ, ಎಂದು ಕೂಗಿ, ನಿನ್ನಲ್ಲಿ ಎಕ್ಕ ಎಷ್ಟು ಎಂದು ಕೇಳುವುದುಂಟು. ಅದು ಬ್ಲ್ಯಾಕ್‌ವುಡ್. ಆಡುವವರು ಇವಕ್ಕೆ ಕನ್ವೆನ್ಷನ್ ಅನ್ನುತ್ತಾರೆ. ಅಕ್ಕನಾಗಮ್ಮ ಕಟ್ಟಳೆ ಅನ್ನುತ್ತಿದ್ದಳು. ಯಾರದೋ ಹೆಸರಿನ ಕಟ್ಟಳೆಗಳು. ಉಜ್ಜಿನಪ್ಪ ಒಂದು ದಿನ ತನ್ನದೇ ಒಂದು ಕಟ್ಟಿದ. ಎರಡು ಡೈಮನ್ ಎಂದು ಕೂಗಿದರೆ ಕೈಯಲ್ಲಿ ಡೈಮನ್ ಇದೆ ಎಂದಲ್ಲ. ದೊಡ್ಡ ಎಲೆಗಳ ಬಲ ಕಡಿಮೆ, ಆದರೆ ಆಟೀನು ಐದು, ಇಸ್ಪೇಟು ಐದು ಇವೆ, ಯಾವುದು ಬೇಕೋ ನೀನು ಆರಿಸು ಎಂದು. ಬೇರೆ ಊರಲ್ಲಿ ಇಂಥದ್ದಕ್ಕೆ ಬೇರೆ ಹೆಸರು ಇರಬಹುದು. ಗಂಡ ಹೆಂಡತಿ ಆಡಲು ಹೋಗುತ್ತಿದ್ದ ಬಳ್ಳಾರಿಯ ಕ್ಲಬ್ಬಿನಲ್ಲಿ ಅದರ ಹೆಸರು ಉಜ್ಜಿನಪ್ಪ. ಆಡಬಹುದಾದ ಕಟ್ಟಳೆಗಳ ಹೆಸರು ಬರೆದು ಗೋಡೆಗೆ ಹಾಕಿದ್ದ ಹಲಗೆಯಲ್ಲಿ ಕೊನೆಯ ಸಾಲಿನಲ್ಲಿ ಆ ಹೆಸರಿತ್ತು. ಬಾಯ್ಲರ್ ನೋಡುತ್ತಿದ್ದವನ ಹೆಸರು ಬೇರೆಲ್ಲೂ ಬರೆದಿರಲಿಲ್ಲ.

ಆಟದ ಒಂದು ನಿಯಮ ಬಿಗಿ. ಗುಟ್ಟು ಎಲೆಯಲ್ಲಿ ಇರಬಹುದು, ಕೂಗಿನಲ್ಲಿ ಇರಬಾರದು. ಒಬ್ಬರು ಇಂಥ ಕಟ್ಟಳೆ ಕೂಗಿದರೆ ಎದುರಿಗೆ ಕೂತ ಅವರ ಜೋಡಿ ಮೇಜು ತಟ್ಟಬೇಕು. ಎದುರಾಳಿ ಅರ್ಥ ಕೇಳಿದರೆ ಬಿಡಿಸಿ ಹೇಳಬೇಕು. ಹೇಳಬೇಕಾದವರು ಕೂಗಿದವರಲ್ಲ, ಅವರ ಜೋಡಿ. ನಾನು ಆಡಿದ ಮಾತಿಗೆ ಅರ್ಥವನ್ನು ನೀನು ಹೇಳಬೇಕು.

ಉಜ್ಜಿನಪ್ಪ ಎರಡು ಡೈಮನ್ ಕೂಗಿದಾಗ ಅಕ್ಕನಾಗಮ್ಮ ಮೇಜು ತಟ್ಟುತ್ತಿದ್ದಳು. ಏನದು ಎಂದು ಕೇಳಿದರೆ ಉಳಿದವರಂತೆ 'ಸ್ಟೇಮನ್', 'ಬ್ಲ್ಯಾಕ್‌ವುಡ್' ಎಂದು ಹೆಸರು ಹೇಳಿ ಮುಗಿಸುವ ಹಾಗಿರಲಿಲ್ಲ. ಗಂಡನ ಹೆಸರು. "ಅವರದು" ಅನ್ನುತ್ತಿದ್ದಳು. ಕ್ಲಬ್ಬಿನಲ್ಲಿ ಎಲ್ಲರೂ ನಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಕೊನೆಕೊನೆಗೆ ಕೇಳುವವರೇ "ಏನ್ರಿ, ಅವರದೇನು?" ಎಂದು ಕೇಳಿ ಸುಮ್ಮನಾಗುತ್ತಿದ್ದರು.

ಕಳೆದ ಶ್ರಾವಣದಲ್ಲಿ ಉಜ್ಜಿನಪ್ಪ ಲಿಂಗೈಕ್ಯನಾದ. ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ನೀರು ತರುವಷ್ಟರಲ್ಲಿ ಹೋಗಿಬಿಟ್ಟ. ಅಕ್ಕನಾಗಮ್ಮ ಎಲೆಯ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಳು. ಆಮೇಲೆ ಮುಟ್ಟಲಿಲ್ಲ.

ಈಗ ಆಷಾಢ ಬರುತ್ತಿತ್ತು. ಒಂದು ದಿನ ಪ್ರಭುಲಿಂಗ ಫೋನು ಮಾಡಿದ. ಪ್ರಭುಲಿಂಗ ಕುರುಗೋಡಿನವನು, ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಉಜ್ಜಿನಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದ, ಅವನಿಂದಲೇ ಆಟ ಕಲಿತವನು.

"ಅತ್ತಿಗಿ, ಕ್ಲಬ್ಬಿನವರು ಹಲಗಿ ಹೊಸದಾಗಿ ಬರಸ್ತಾರಂತ. ವರ್ಷದಾಗ ಒಂದು ಸಲನೂ ಯಾರೂ ಆಡದ ಕನ್ವೆನ್ಷನ್ ತೆಗೀತಾರಂತ. ಅಣ್ಣಂದು ಯಾರೂ ಆಡಿಲ್ಲ."

"ನೀ ಆಡು."

"ನಾ ಒಬ್ಬನ ಹೆಂಗ ಆಡ್ಲಿ? ಅದು ಗೊತ್ತಿರೋ ಜೋಡಿ ಬೇಕಲ್ರಿ."

ಅವಳು ಫೋನು ಇಟ್ಟಳು. ಎರಡು ದಿನ ಯೋಚಿಸಿದಳು. ಆಮೇಲೆ ಅಟ್ಟ ಹತ್ತಿದಳು.

ಬಳ್ಳಾರಿಯ ಆ ಕ್ಲಬ್ಬು ಹಳೆಯ ಕಟ್ಟಡ. ಮೇಲೆ ಉದ್ದ ಕಡ್ಡಿಯ ಫ್ಯಾನುಗಳು. ಆ ದಿನ ಜಿಲ್ಲೆಗಳ ಜೋಡಿ ಪಂದ್ಯ. ರಾಯಚೂರು, ಕೊಪ್ಪಳ, ಅನಂತಪುರದಿಂದಲೂ ಬಂದಿದ್ದರು. ಪಂದ್ಯ ನಡೆಸುವ ಡೈರೆಕ್ಟರು ಹೊನ್ನೂರಪ್ಪ. ಅವನಿಗೆ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಕಾರ್ಖಾನೆ. ವಾರವಿಡೀ ಬಟ್ಟೆ ಕತ್ತರಿಸುವವನು ಆದಿತ್ಯವಾರ ಕುತ್ತಿಗೆಗೆ ಸೀಟಿ ಹಾಕಿಕೊಂಡು ಮೇಜುಗಳ ನಡುವೆ ತಿರುಗುತ್ತಿದ್ದ.

"ಬಂದ್ರೇನಕ್ಕಾ" ಎಂದ ಅವಳನ್ನು ಕಂಡು. ಬೇರೆ ಏನೂ ಅನ್ನಲಿಲ್ಲ. ಅವಳ ಬಳೆಯಿಲ್ಲದ ಕೈ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

ಬೆಳಗಿನಿಂದ ಒಂದು ಸಲವೂ ಎರಡು ಡೈಮನ್ ಕೂಗುವಂಥ ಕೈ ಬರಲಿಲ್ಲ. ಅಕ್ಕನಾಗಮ್ಮನಿಗೂ ಬರಲಿಲ್ಲ, ಪ್ರಭುಲಿಂಗನಿಗೂ ಬರಲಿಲ್ಲ. ಆದರೆ ಉಳಿದ ಎಲೆಗಳು ಚೆನ್ನಾಗಿ ಬಿದ್ದವು. ಊಟದ ಹೊತ್ತಿಗೆ ಅವರು ಐದನೆಯವರು, ಚಹಾದ ಹೊತ್ತಿಗೆ ಎರಡನೆಯವರು. ಕೊನೆಯ ಸುತ್ತಿಗೆ ಬರುವಾಗ ಮೊದಲನೆಯವರು. ಕೂದಲೆಳೆಯಷ್ಟು ಹಿಂದೆ ಇದ್ದದ್ದು ರಾಯಚೂರಿನ ಜೋಡಿ. ಅವರೇ ಎದುರಾಳಿಗಳಾಗಿ ಬಂದು ಕೂತರು.

ಗವಿಸಿದ್ದೇಶ್ ವಕೀಲ. ಗಟ್ಟಿ ದನಿ. ಹೇಮಾ ಕಾಲೇಜಿನಲ್ಲಿ ಪಾಠ ಮಾಡುವವಳು, ಮಾತು ಕಡಿಮೆ. ಗವಿಸಿದ್ದೇಶ್ ಕೂರುತ್ತಲೇ ಅಕ್ಕನಾಗಮ್ಮನನ್ನು ನೋಡಿ, "ಅಮ್ಮಾರು ಬೆಳಗಿಂದ ಎಲ್ಲಾರ್ನೂ ಹೊಡದು ಹಾಕ್ಯಾರಂತ. ನಮ್ಮ ಮ್ಯಾಲ ಸ್ವಲ್ಪ ದಯಾ ಇರಲಿ" ಎಂದ.

"ಎಲಿ ನೋಡ್ಕಳ್ರಿ" ಎಂದಳು ಅಕ್ಕನಾಗಮ್ಮ.

ಕೊನೆಯ ಕೈ. ಕ್ಲಬ್ಬಿನಲ್ಲಿ ಬಾಯಿಂದ ಕೂಗುವುದಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ಪೆಟ್ಟಿಗೆ, ಅದರಲ್ಲಿ ಚೀಟಿಗಳು. ಕೂಗಬೇಕಾದ ಚೀಟಿ ತೆಗೆದು ಮೇಜಿನ ಮೇಲೆ ಇಡಬೇಕು. ಮೊದಲ ಕೂಗು ಪ್ರಭುಲಿಂಗನದು. ಅವನು ತನ್ನ ಎಲೆಗಳನ್ನು ಎರಡು ಸಲ ನೋಡಿದ. ಪೆಟ್ಟಿಗೆಗೆ ಕೈ ಹಾಕಿ ಒಂದು ಚೀಟಿ ಇಟ್ಟ.

ಎರಡು ಡೈಮನ್.

ಆ ಚೀಟಿ ಇಡುತ್ತಿದ್ದ ಕೈ ಬೇರೆ ಇತ್ತು. ಬಾಯ್ಲರಿನ ಬಿಸಿಗೆ ಕೂದಲು ಸುಟ್ಟ ಕೈ. ಅವಳು ಮೇಜು ತಟ್ಟಿದಳು.

ಮುಂದಿನ ಕೂಗು ಹೇಮಾಳದು. ಅವಳು ಚೀಟಿ ನೋಡಿ, ಅಕ್ಕನಾಗಮ್ಮನ ಕಡೆ ತಿರುಗಿದಳು. "ಏನ್ರೀ ಅದು ಡೈಮನ್?"

"ಅವರದು."

ಯಾರೂ ನಗಲಿಲ್ಲ. ಆ ಮಾತಿಗೆ ಯಾವಾಗಲೂ ನಗು ಬರುತ್ತಿತ್ತು. ಹೇಮಾ ತಲೆಯಾಡಿಸಿದಳು, ಅಷ್ಟೆ. ಆ ಮೌನವೇ ಅಕ್ಕನಾಗಮ್ಮನನ್ನು ಎಚ್ಚರಿಸಬೇಕಿತ್ತು. ಆದರೆ ಅವಳ ಕಣ್ಣು ಮಂಜಾಗಿತ್ತು, ಕೈಯ ಎಲೆಗಳನ್ನು ಗಟ್ಟಿಯಾಗಿ ಹಿಡಿದು ತನ್ನನ್ನು ತಡೆದುಕೊಳ್ಳುತ್ತಿದ್ದಳು.

ಹೇಮಾ ಎರಡು ನೋಟ್ರಂಪ್ ಇಟ್ಟಳು. ಅಕ್ಕನಾಗಮ್ಮ ಪಾಸ್. ಗವಿಸಿದ್ದೇಶ್ ಮೂರು ನೋಟ್ರಂಪ್. ಕೂಗು ಅಲ್ಲಿಗೆ ನಿಂತಿತು. ಈಗ ಹೇಮಾ ಹದಿಮೂರು ಪಟ್ಟುಗಳಲ್ಲಿ ಒಂಬತ್ತನ್ನು ಹಿಡಿಯಬೇಕು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು. ಹಿಡಿದರೆ ಪಂದ್ಯದ ಕಪ್ಪು ರಾಯಚೂರಿನವರಿಗೆ. ಒಂದು ತಪ್ಪಿದರೂ ಅಕ್ಕನಾಗಮ್ಮನ ಜೋಡಿಗೆ.

ಅಕ್ಕನಾಗಮ್ಮ ಇಸ್ಪೇಟು ಇಳಿದಳು. ಗವಿಸಿದ್ದೇಶ್ ತನ್ನ ಕೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹಿಂದಕ್ಕೆ ಒರಗಿದ. ಹೇಮಾ ತುಂಬ ಹೊತ್ತು ಯೋಚಿಸಿದಳು. ಎಲ್ಲವೂ ಆಟೀನು ರಾಣಿ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ನಿಂತಿತ್ತು. ಉಳಿದ ಮೇಜುಗಳು ಮುಗಿದಿದ್ದವು. ಜನ ಬಂದು ಸುತ್ತ ನಿಂತರು. ಯಾರೋ ಕೆಮ್ಮಿದರೆ ಹೊನ್ನೂರಪ್ಪ ಗದರಿದ.

ಹೇಮಾ ಕೈಯಿಂದ ಆಟೀನು ಗುಲಾಮನನ್ನು ಬಿಟ್ಟಳು. ಅಕ್ಕನಾಗಮ್ಮ ಸಣ್ಣದು ಹಾಕಿದಳು. ಎದುರಿನ ಬಿಚ್ಚಿದ ಕೈಯಿಂದಲೂ ಸಣ್ಣದು. ಪ್ರಭುಲಿಂಗ ರಾಣಿ ಹಾಕಿದ.

ಹೇಮಾಳ ಮುಖ ಬಿಳಿಚಿತು. ಆಮೇಲೆ ಡೈಮನ್ ಒಂದು ಸುತ್ತು ಬಂದು, ಎರಡನೇ ಸುತ್ತಿಗೆ ಪ್ರಭುಲಿಂಗ ಕಳಾವರ್ ಎಸೆದ. ಅವನ ಕೈಯಲ್ಲಿ ಇದ್ದದ್ದು ಒಂದೇ ಡೈಮನ್. ಹೇಮಾ ತಲೆಯೆತ್ತಿ ಅವನನ್ನು ನೋಡಿದಳು, ಅಕ್ಕನಾಗಮ್ಮನನ್ನು ನೋಡಿದಳು. ಉಳಿದ ಎಲೆಗಳನ್ನು ಆಡಿ ಮುಗಿಸಿದಳು. ಎಂಟು ಪಟ್ಟು. ಒಂದು ಕಡಿಮೆ.

ಹಿಂದೆ ನಿಂತವರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಗವಿಸಿದ್ದೇಶ್ ಮೇಜಿಗೆ ಗುದ್ದಿದ.

"ಡೈರೆಕ್ಟರ್!"

ಹೊನ್ನೂರಪ್ಪ ಅಲ್ಲೇ ಇದ್ದ. "ಹೇಳ್ರಿ."

"ಈ ಅಮ್ಮಾರನ್ನ ಕೇಳೀವಿ, ಏನು ಡೈಮನ್ ಅಂತ. 'ಅವರದು' ಅಂದ್ರು. ಡೈಮನ್ ಅವರ ಕೈಯಾಗೈತಿ ಅಂತಲ್ಲೇನ್ರಿ ಅದರರ್ಥ? ನೋಡಿದ್ರ ಈ ಮನುಷ್ಯಾನ ಕೈಯಾಗ ಒಂದು ಡೈಮನ್. ಆಟೀನು ಐದು, ಇಸ್ಪೇಟು ಐದು! ನಮ್ಮ ಹೇಮಾ ಮೇಡಂ ಆ ಮಾತು ನಂಬಿ, ಡೈಮನ್ ಬಾಳ ಇದ್ದವನ ಕೈಯಾಗ ಆಟೀನು ಕಮ್ಮಿ, ರಾಣಿ ಈ ಅಮ್ಮಾರ ಕಡಿಗೆ ಐತಿ ಅಂತ ಆಡಿದ್ರು. ಇಲ್ಲಂದ್ರ ಒಂಬತ್ತು ಕಣ್ಣು ಮುಚ್ಚಿ ಹಿಡೀತಿದ್ರು."

ಅಕ್ಕನಾಗಮ್ಮನಿಗೆ ಆಗ ತಿಳಿಯಿತು. ಬಳ್ಳಾರಿಯ ಕಿವಿಗೆ ಆಡಿದ ಮಾತನ್ನು ಅವಳು ರಾಯಚೂರಿನ ಕಿವಿಗೆ ಆಡಿದ್ದಳು.

"ಅದು ಅಕ್ಕಾರ ಗಂಡ ಉಜ್ಜಿನಪ್ಪಂದು ಕನ್ವೆನ್ಷನ್" ಎಂದ ಹಿಂದೆ ನಿಂತವರಲ್ಲಿ ಒಬ್ಬ. "ಇಲ್ಲಿ ಎಲ್ಲಾರಿಗೂ ಗೊತ್ತೈತಿ."

"ಇಲ್ಲಿ ಎಲ್ಲಾರಿಗೂ!" ಗವಿಸಿದ್ದೇಶ್ ಎದ್ದು ನಿಂತ. "ಹೊರಗಿನವರಿಗೆ ಗೊತ್ತಿಲ್ಲ, ಅಲ್ಲ? ಯಾರವನು ಉಜ್ಜಿನಪ್ಪ? ಈಕಿ ಗಂಡ? ಹಂಗಾದ್ರ ಗಂಡ ಹೆಂಡ್ತಿ ಅಡಿಗಿ ಮನ್ಯಾಗ ಕುಂತು ಕಟ್ಟಿದ ಗುಟ್ಟು. ಕೇಳಿದವರಿಗೆ ಎರಡರ್ಥದ ಮಾತು. ಇದನ್ನ ಇಟ್ಕಂಡು ಎಷ್ಟು ವರ್ಷ ಎಷ್ಟು ಮಂದೀನ ಮುಳುಗ್ಸಿದ ಅವನು? ಡೈರೆಕ್ಟರ್, ನಾ ಬರೆದು ಕೊಡ್ತೀನಿ. ಈ ಕನ್ವೆನ್ಷನ್ ಗ್ವಾಡಿ ಮ್ಯಾಲಿಂದ ತೆಗೀಬೇಕು. ಅವನು ಗೆದ್ದ ಕಪ್ಪುಗಳಿದ್ರ ಅವನ್ನೂ ಒಂದು ಸಲ ನೋಡಬೇಕು."

ಹೊನ್ನೂರಪ್ಪ ಸೀಟಿ ಹಿಡಿದು ತಿರುವಿದ. "ಕಟ್ಟಳೆ ಮುಚ್ಚಿಟ್ಟು ಆಡಿದ್ದು ಖಾತ್ರಿ ಆದ್ರ ಹಲಗಿಂದ ತೆಗೀಬೇಕಾಗ್ತೈತಿ. ನಮ್ಮ ನಿಯಮನ ಅದು. ಎಲ್ಲಾರೂ ಇಲ್ಲೇ ಇರ್ರಿ. ಪುಸ್ತಕ ತರ್ತೀನಿ."

ಅವನು ಕಚೇರಿ ಕೋಣೆಗೆ ಹೋದ. ಅಕ್ಕನಾಗಮ್ಮ ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತಳು. ಪ್ರಭುಲಿಂಗ ಹಿಂದೆಯೇ ಬಂದ. ದನಿ ತಗ್ಗಿಸಿದ.

"ಅತ್ತಿಗಿ, ನನ್ನ ಮಾತು ಕೇಳ್ರಿ. ಹೊನ್ನೂರಪ್ಪ ಬಂದು ನಿಮ್ಮಿಬ್ಬರ ಕರಾರು ಏನು ಅಂತ ಕೇಳ್ತಾನ. ಡೈಮನ್ ಅಂದ್ರ ಡೈಮನ್ನೇ, ಮೇಜು ಕೈ ತಪ್ಪಿ ತಟ್ಟಿದೆ ಅನ್ರಿ. ನಾ ಮರತು ಹಳೇ ರೂಢಿ ಮ್ಯಾಲ ಕೂಗಿಬಿಟ್ಟೆ ಅಂತ ನಾ ಹೇಳ್ತೀನಿ. ಮರತು ತಪ್ಪಾಗಿ ಕೂಗಿದ್ರ ದಂಡ ಇಲ್ಲ. ಆಟದಾಗ ಮರೆಯೋದು ಅಪರಾಧ ಅಲ್ಲ, ಮುಚ್ಚಿಡೋದು ಅಪರಾಧ."

"ಕರಾರು ಅದಲ್ಲಲ್ಲ."

"ಯಾರಿಗೆ ಗೊತ್ತು? ಅಣ್ಣ ಹೋದ ಮ್ಯಾಲ ಆ ಕನ್ವೆನ್ಷನ್ ಬಿಟ್ಟೀವಿ ಅನ್ರಿ. ಮುಗೀತು. ಮುಚ್ಚಿಟ್ರು ಅನ್ನೋ ಮಾತೇ ಇಲ್ಲ. ಅಣ್ಣನ ಕಪ್ಪಿಗೂ ಯಾರೂ ಕೈ ಹಾಕಂಗಿಲ್ಲ. ನಾವೂ ಗೆಲ್ತೀವಿ."

"ಬಿಟ್ಟೀವಿ ಅಂದ್ರ ಹಲಗಿಂದ ತೆಗೀತಾರ."

"ತೆಗೀಲಿ ಬಿಡ್ರಿ! ಕಳ್ಳ ಅನಿಸ್ಕಳ್ಳೋದಕ್ಕಿಂತ ಅಳಿಸಿ ಹೋಗೋದು ವಾಸಿ ಅಲ್ಲೇನು? ನಿಜ ಹೇಳಿದ್ರ ಆ ವಕೀಲ ಬಿಡಂಗಿಲ್ಲ. ಕಪ್ಪೂ ಹೋಗ್ತೈತಿ, ಹೆಸರೂ ಹೋಗ್ತೈತಿ. ಎರಡೂ."

ಅವಳು ಅವನ ಮುಖ ನೋಡಿದಳು. ಅವನು ಕೆಟ್ಟವನಲ್ಲ. ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳಲು ಬಂದವನು. ಅವನ ಕಣ್ಣಲ್ಲಿ ನೀರಿತ್ತು. ಅವನಿಗೂ ಈ ಕಪ್ಪು ಬೇಕಿತ್ತು. ಅಣ್ಣ ಕಲಿಸಿದ್ದು ದಂಡವಾಗಲಿಲ್ಲ ಎಂದು ಯಾರಿಗೋ ತೋರಿಸಬೇಕಿತ್ತು. ಬಹುಶಃ ಅಣ್ಣನಿಗೇ.

ಅವನು ಹೇಳಿದ ಸುಳ್ಳು ಸಣ್ಣದು. ಬಿಟ್ಟೀವಿ. ಮೂರು ಅಕ್ಷರ. ಅವಳು ಬಾಯೊಳಗೇ ಆಡಿ ನೋಡಿದಳು. ಅವರು ಹೋದ ಮೇಲೆ ಬಿಟ್ಟೀವಿ. ಹನ್ನೊಂದು ತಿಂಗಳಿಂದ ಜನ ಅವಳಿಗೆ ಇದನ್ನೇ ಹೇಳುತ್ತಿದ್ದರು. ಬಿಡಬೇಕವ್ವ, ಹೋದವರನ್ನ ಬಿಡಬೇಕು.

"ಅಕ್ಕಾ, ಒಳಗ ಬರ್ರಿ" ಎಂದು ಹೊನ್ನೂರಪ್ಪ ಕರೆದ.

ಮೇಜಿನ ಮೇಲೆ ದಪ್ಪ ನಿಯಮದ ಪುಸ್ತಕ ತೆರೆದಿತ್ತು. ಗವಿಸಿದ್ದೇಶ್ ಕೈ ಕಟ್ಟಿ ನಿಂತಿದ್ದ. ಹೇಮಾ ಕೂತಿದ್ದಳು, ಎಲೆಗಳನ್ನು ಮುಟ್ಟಿರಲಿಲ್ಲ.

ಹೊನ್ನೂರಪ್ಪ ಪುಸ್ತಕದಿಂದ ಕಣ್ಣೆತ್ತದೆ ಕೇಳಿದ. "ಅಕ್ಕಾ, ನೀವು ಪ್ರಭುಲಿಂಗ ಜೋಡಿ ಆಡ್ತೀರಿ. ಈ ಜೋಡಿಯೊಳಗ ಎರಡು ಡೈಮನ್ ಅಂದ್ರ ಏನು? ಮೊದಲ ಏನಿತ್ತು ಅಂತ ಅಲ್ಲ. ಇವತ್ತು ಏನು?"

ಪ್ರಭುಲಿಂಗ ಅವಳ ಪಕ್ಕದಲ್ಲೇ ನಿಂತಿದ್ದ. ಅವನ ಉಸಿರು ಕೇಳುತ್ತಿತ್ತು.

"ಮೊದಲ ಇದ್ದದ್ದ ಇವತ್ತೂ ಐತಿ" ಎಂದಳು. "ಬಿಟ್ಟಿಲ್ಲ."

ಪ್ರಭುಲಿಂಗ ಕಣ್ಣು ಮುಚ್ಚಿದ.

"ಏನದು?"

"ಕಟ್ಟಳೆ."

"ಯಾವ ಕಟ್ಟಳೆ? ಹೆಸರೇನು?"

ತುಟಿ ತೆರೆದಳು, ಮಾತು ಬರಲಿಲ್ಲ. ಗವಿಸಿದ್ದೇಶ್ ನಕ್ಕ. "ನೋಡಿದ್ರ್ಯಾ? ತಮ್ಮ ಕಟ್ಟಳೆ ಹೆಸರೂ ಬಾಯಾಗ ಬರವಲ್ದು. ಖರೇನ ಆಡ್ತಿದ್ರ ಹೇಳ್ತಿದ್ದಿಲ್ಲೇನು?"

ಗುಂಪಿನಲ್ಲಿ ಒಬ್ಬ ಮುದುಕ, "ಗಂಡನ ಹೆಸರು ಹೆಂಗ ಹೇಳ್ತಾಳಪಾ ಆಕಿ? ಒಡಪು ಹಾಕ್ರಿ ಅಕ್ಕಾ, ಒಡಪಿನಾಗ ಹೇಳಿದ್ರ ದೋಷಿಲ್ಲ" ಎಂದ. ಒಬ್ಬಿಬ್ಬರು ನಕ್ಕರು. ಅದು ಕೆಟ್ಟ ನಗು ಅಲ್ಲ. ಆದರೆ ಅಕ್ಕನಾಗಮ್ಮನಿಗೆ ಸಿಟ್ಟು ಬಂತು. ಒಡಪು ಹಾಕುವುದು ಮನೆಯೊಳಗೆ ಹೋಗುವವಳು. ಅವಳು ಈಗ ಯಾವ ಮನೆಯೊಳಗೆ ಹೋಗಬೇಕು?

"ಉಜ್ಜಿನಪ್ಪ" ಎಂದಳು.

ದನಿ ತನ್ನದಲ್ಲ ಅನ್ನಿಸಿತು. ಮತ್ತೆ ಹೇಳಿದಳು. "ಉಜ್ಜಿನಪ್ಪ ಎರಡು ಡೈಮನ್. ಬಲ ಕಡಿಮಿ. ಆಟೀನು ಐದು, ಇಸ್ಪೇಟು ಐದು. ಯಾವುದು ಬೇಕು ಆರಿಸ್ಕ ಅಂತ. ಡೈಮನ್ನಿಗೂ ಅದಕ್ಕೂ ಸಂಬಂಧ ಇಲ್ಲ." ಅವಳು ಹೇಮಾಳ ಕಡೆ ತಿರುಗಿದಳು. "ಅಷ್ಟೂ ನಾ ನಿಮಗ ಹೇಳಬೇಕಿತ್ತು. ನೀವು ಏನು ಅಂತ ಕೇಳಿದ್ರಿ. ನಾ ಯಾರದು ಅಂತ ಹೇಳಿದೆ. ಕಟ್ಟಳೆ ಮುಚ್ಚಿಟ್ಟಿಲ್ಲ. ಹೇಳಾಕ ನಾ ತಪ್ಪಿದೆ."

ಹೇಮಾ ಅವಳನ್ನೇ ನೋಡುತ್ತಿದ್ದಳು. "ಅವರದು ಅಂದ್ರ, ನಿಮ್ಮ ಯಜಮಾನರದು ಅಂತೇನ್ರಿ?"

"ಹ್ಞೂಂ."

"ನಾ ಡೈಮನ್ ಅವರದು ಅಂತ ತಿಳ್ಕಂಡೆ." ಹೇಮಾ ಎಲೆಗಳನ್ನು ಕೂಡಿಸಿಟ್ಟಳು. "ಸರ್, ಮುಚ್ಚಿಟ್ರು ಅಂತ ನಾ ಅನ್ನಂಗಿಲ್ಲ. ನನಗ ತಪ್ಪು ಅರ್ಥ ಸಿಕ್ತು, ಅಷ್ಟು ಬರ್ಕಳ್ರಿ."

"ಮೇಡಂ, ನೀವು ಸುಮ್ನಿರ್ರಿ" ಎಂದ ಗವಿಸಿದ್ದೇಶ್.

"ಕೇಳಿದಾಕಿ ನಾನು. ಕೇಳಿಸ್ಕಂಡಾಕಿನೂ ನಾನ. ನೀವ್ಯಾಕ ಸುಮ್ನಿರಬಾರದು?"

ಹೊನ್ನೂರಪ್ಪ ಪುಸ್ತಕದ ಪುಟ ತಿರುವಿದ. ತಿರುವಿದ ಪುಟಕ್ಕೇ ಮತ್ತೆ ಬಂದ. ಅವನು ಉಜ್ಜಿನಪ್ಪನ ಜತೆ ವರ್ಷಗಟ್ಟಲೆ ಕೂತು ಆಡಿದವನು. ಈಗ ಮೆತ್ತಗೆ ಮಾತಾಡಿದರೆ ಊರವರ ಪಕ್ಷ ಅನ್ನುತ್ತಾರೆ. ಬಿರುಸಾಗಿ ಮಾತಾಡಿದರೆ ಸತ್ತವನ ಹೆಸರು ಹೋಗುತ್ತದೆ. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಕೊನೆಗೆ ಪುಸ್ತಕ ಮುಚ್ಚಿದ.

"ಕಟ್ಟಳೆ ಹಲಗಿ ಮ್ಯಾಲ ಐತಿ. ಪ್ರಭುಲಿಂಗನ ಕೈ ಕಟ್ಟಳೆ ಪ್ರಕಾರ ಐತಿ. ಮೇಜು ತಟ್ಯಾರ. ಮುಚ್ಚಿಟ್ಟಂಗ ಆಗ್ಲಿಲ್ಲ. ಅದಕ್ಕ ಕಟ್ಟಳೆ ಹಲಗಿ ಮ್ಯಾಲ ಇರ್ತೈತಿ." ಅವನು ಉಸಿರು ತೆಗೆದುಕೊಂಡ. "ಆದ್ರ ಹೇಳಿಕೆ ತಪ್ಪು. ಎದುರಾಳಿಗೆ ನಷ್ಟ ಆಗೈತಿ. ಮೂರು ನೋಟ್ರಂಪ್ ಹಿಡಿದಂಗ ಲೆಕ್ಕ. ಒಂಬತ್ತು ಪಟ್ಟು. ತಪ್ಪು ಅಕ್ಕನಾಗಮ್ಮಾರದು. ಅವರ ಹೆಸರಿಗೇ ಬರ್ಕಂತೀನಿ. ಬ್ಯಾರೆ ಯಾರ ಹೆಸರಿಗೂ ಅಲ್ಲ."

ಒಂಬತ್ತು ಪಟ್ಟು ಎಂದರೆ ಕಪ್ಪು ರಾಯಚೂರಿಗೆ.

ಗವಿಸಿದ್ದೇಶ್ ಏನೋ ಅನ್ನಲು ಬಾಯಿ ತೆರೆದ. ಕಪ್ಪು ತನಗೇ ಬಂದದ್ದು ನೆನಪಾಗಿ ಮುಚ್ಚಿದ. ಹಿಂದೆ ನಿಂತವರು ಒಬ್ಬೊಬ್ಬರೇ ಸರಿದರು. ಕೆಲವರು ಅಕ್ಕನಾಗಮ್ಮನ ಕಡೆ ನೋಡಿ ತಲೆ ಅಲ್ಲಾಡಿಸಿದರು. "ಸುಮ್ನ ಹೋತು" ಎಂದ ಒಡಪು ಕೇಳಿದ್ದ ಮುದುಕ. "ಕೈಗೆ ಬಂದದ್ದು ಸುಮ್ನ ಹೋತು."

ಹೊನ್ನೂರಪ್ಪ ಬರೆದದ್ದಕ್ಕೆ ಅವಳು ಸಹಿ ಮಾಡಿದಳು. ಅಕ್ಷರಗಳನ್ನು ಒಂದೊಂದಾಗಿ, ನಾಲ್ಕನೇ ಇಯತ್ತೆಯಲ್ಲಿ ಬರೆಯುತ್ತಿದ್ದಂತೆ ದುಂಡಗೆ ಬರೆದಳು. ಪ್ರಭುಲಿಂಗ ಸಹಿ ಮಾಡಿ ಪೆನ್ನನ್ನು ಮೇಜಿನ ಮೇಲೆ ಎಸೆದ.

ಕಪ್ಪು ಕೊಡುವವರೆಗೆ ಅವರು ನಿಲ್ಲಲಿಲ್ಲ. ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬಂದರು. ಆಟೋದವನಿಗೆ ಪ್ರಭುಲಿಂಗ ದುಡ್ಡು ಕೊಟ್ಟ. ಕುರುಗೋಡಿನ ಬಸ್ಸು ಒಂದು ಕಡೆ, ಸಿರುಗುಪ್ಪದ್ದು ಇನ್ನೊಂದು ಕಡೆ ನಿಂತಿದ್ದವು. ಎರಡೂ ಹೊರಡುವಂತಿದ್ದವು. ಸಿರುಗುಪ್ಪದ ಬಸ್ಸಿಗೆ ಜನ ನುಗ್ಗುತ್ತಿದ್ದರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು.

ಪ್ರಭುಲಿಂಗ ತನ್ನ ಬಸ್ಸಿನ ಬಾಗಿಲ ಹತ್ತಿರ ನಿಂತ.

"ಒಂದು ಮಾತು, ಅತ್ತಿಗಿ. ಒಂದು ಮಾತು ನೀವು ನುಂಗಿದ್ರ ಗೆದ್ದಿದ್ವಿ."

"ಗೆದ್ದಿದ್ವಿ" ಎಂದಳು ಅವಳು.

"ಗೊತ್ತಿದ್ದೂ ಹೇಳಿದ್ರಿ."

"ಗೊತ್ತಿದ್ದ ಹೇಳಿದೆ."

"ಹೇಮಾ ಮೇಡಂ ಒಳ್ಳೇಕಿ ಆಗಿದ್ದಕ್ಕ ಉಳೀತು. ಆಕಿನೂ ವಕೀಲನಂಗ ನಿಂತಿದ್ರ? ಆಗೇನು ಮಾಡ್ತಿದ್ರಿ?"

ಅದು ನಿಜ. ಎಲ್ಲ ಕಳೆದುಕೊಂಡು ಬರಬಹುದಿತ್ತು.

"ಅಣ್ಣ ಇದ್ದಿದ್ರ ಇವತ್ತು ನಿಮ್ಮನ್ನ ಬೈತಿದ್ದ" ಎಂದ ಪ್ರಭುಲಿಂಗ.

"ಬೈತಿದ್ದಿಲ್ಲ. ಮಾತು ಬಿಡ್ತಿದ್ರು."

"ಎಲ್ಲಿತನಕ?"

"ಹಸಿವಿ ಆಗೋತನಕ."

ಪ್ರಭುಲಿಂಗ ನಗಲಿಲ್ಲ. "ನನ್ನ ಊಟ ನಮ್ಮ ಮನ್ಯಾಗೈತ್ರಿ, ಅತ್ತಿಗಿ" ಎಂದು ಬಸ್ಸು ಹತ್ತಿದ.

ಅವಳು ಅಲ್ಲೇ ನಿಂತಳು. ಅವನು ಒಳಗೆ ಆ ಕಡೆಯ ಕಿಟಕಿಗೆ ಹೋಗಿ ಕೂತ. ಈ ಕಡೆ ನೋಡಲಿಲ್ಲ. ಅವಳ ಹಿಂದೆ ಸಿರುಗುಪ್ಪದ ಕಂಡಕ್ಟರು ಕೂಗುತ್ತಿದ್ದ. ಕುರುಗೋಡಿನ ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟುವವರೆಗೆ ಅವಳು ಅಲುಗಲಿಲ್ಲ. ಆಮೇಲೆ ತನ್ನ ಬಸ್ಸಿಗೆ ಓಡಿದಳು. ಸೀಟು ಒಂದೂ ಉಳಿದಿರಲಿಲ್ಲ.

"ಒಳಗ ಸರೀರಿ ಅಮ್ಮಾ, ಬಾಗಲಾಗ ನಿಂದ್ರಬ್ಯಾಡ್ರಿ" ಎಂದ ಕಂಡಕ್ಟರು.

ಅವಳು ಕಂಬಿ ಹಿಡಿದು ತೆಕ್ಕಲಕೋಟೆಯವರೆಗೆ ನಿಂತಳು. ಅಲ್ಲಿ ಒಬ್ಬರು ಇಳಿದರು. ಆ ಸೀಟಿನಲ್ಲಿ ಕೂತಳು.